ಕೋಣೆಗಿಂತ ಮೊದಲು ದೋಣಿ ಕೇಳಿ

2025ರ ಜನವರಿಯ ಒಂದು ರಾತ್ರಿ ದಮ್ಮಾಮಿನಿಂದ ತಂಗಿ ಫೋನ್ ಮಾಡಿದಳು. ಅವಳು ಸೌದಿಗೆ ಹೋಗಿ ಹನ್ನೊಂದು ವರ್ಷಗಳಾಗಿದ್ದವು. ರಜೆ ಸಿಕ್ಕಾಗಲೆಲ್ಲ ಊರಿಗೆ ಬರುತ್ತಾಳೆ. ಆದರೆ ಬಂದ ಮೇಲೆ ಮದುವೆ, ಗೃಹಪ್ರವೇಶ, ನೆಂಟರ ಮನೆ, ಆಸ್ಪತ್ರೆ ಎಂದು ದಿನಗಳು ಓಡುತ್ತವೆ. ಉಮ್ಮನ ಪಕ್ಕದಲ್ಲಿ ಕುಳಿತು ಒಂದು ಗಂಟೆ ಮಾತಾಡುವಷ್ಟರಲ್ಲಿ ಪೆಟ್ಟಿಗೆ ಕಟ್ಟುವ ಹೊತ್ತು ಬಂದಿರುತ್ತದೆ.

"ಅಕ್ಕಾ, ಈ ಸಲ ಈದ್ ರಜೆಯಲ್ಲಿ ಬೇರೆ ಎಲ್ಲಿಗಾದರೂ ಹೋಗೋಣ. ನಾವು ಇಲ್ಲಿಂದ ಬರುತ್ತೇವೆ, ನೀನು ಉಮ್ಮನನ್ನು ಕರೆದುಕೊಂಡು ಅಲ್ಲಿಂದ ಬಾ" ಎಂದಳು.

ಎಲ್ಲಿಗೆ ಎಂದು ಉಮ್ಮನನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ದ್ವೀಪ ನೋಡಬೇಕು" ಎಂದರು. ನನಗೆ ಅರ್ಥವಾಯಿತು. ನಮ್ಮ ಅಬ್ಬ ಮಂಗಳೂರಿನ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಯಲ್ಲಿ ಕೆಲಸಕ್ಕಿದ್ದರು. ಅಕ್ಕಿ, ಜೀನಸು ತುಂಬಿಕೊಂಡು ಹೋಗಿ ಕೊಪ್ಪರ, ಹುರಿಹಗ್ಗ ತರುತ್ತಿದ್ದರು. ಉಮ್ಮ ಮಾತ್ರ ಎಪ್ಪತ್ತು ವರ್ಷ ಕಡಲ ಪಕ್ಕದಲ್ಲೇ ಇದ್ದೂ ಒಂದು ದಿನವೂ ದೋಣಿ ಹತ್ತಿದವರಲ್ಲ. ಅಬ್ಬ ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದವು.

ಲಕ್ಷದ್ವೀಪಕ್ಕೇ ಹೋಗಬಹುದಿತ್ತು. ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆದರೆ ಈಗ ಅಲ್ಲಿಗೆ ಹೋಗಲು ಮುಂಚಿತವಾಗಿ ಪರವಾನಿಗೆ ಪಡೆಯಬೇಕು. ಎರಡು ದೇಶಗಳಿಂದ ಹೊರಟು ನಾಲ್ಕೈದು ದಿನಗಳಿಗಾಗಿ ಒಂದೆಡೆ ಸೇರಬೇಕಾದ ನಮಗೆ ಅದು ಹೊಂದಲಿಲ್ಲ. ಹಾಗಾಗಿ ಮಾಲ್ದೀವ್ಸ್ ಎಂದು ತೀರ್ಮಾನವಾಯಿತು.

ಚಿತ್ರ ನೋಡಿ ಕೊಟ್ಟ ಮುಂಗಡ

ತಂಗಿಯ ಗಂಡ ಅಲ್ಲಿನ ಒಬ್ಬ ಏಜೆಂಟರನ್ನು ಹಿಡಿದರು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕೋಣೆಗಳು, ನಾಲ್ಕು ರಾತ್ರಿ, ಊಟ ಸೇರಿ ಇಷ್ಟು ಎಂದು ಏಜೆಂಟರು ಒಂದು ಪಟ್ಟಿ ಕೊಟ್ಟರು. ತಂಗಿ ಅದನ್ನು ನನಗೆ ಕಳಿಸಿ, "ನೀನು ಬಿ.ಎ. ಓದಿದವಳು, ಒಮ್ಮೆ ಸರಿಯಾಗಿ ನೋಡು" ಎಂದಳು. ನಾನು ನೋಡಿದ್ದು ಚಿತ್ರಗಳನ್ನು. ನೀಲಿ ನೀರು, ಬಿಳಿ ಮರಳು. "ಚೆನ್ನಾಗಿದೆ" ಎಂದು ಬರೆದೆ. ಅವರು 1,500 ರಿಯಾಲ್ ಮುಂಗಡ ಕೊಟ್ಟರು.

ಮೂರು ದಿನಗಳ ನಂತರ ಕಾಲೇಜು ಓದುತ್ತಿರುವ ನನ್ನ ಮಗ ಕೇಳಿದ: "ವಿಮಾನ ನಿಲ್ದಾಣದಿಂದ ಆ ದ್ವೀಪಕ್ಕೆ ಹೋಗುವುದು ಹೇಗೆ?" ಆಗ ಪಟ್ಟಿಯ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದೆವು. ನೀರಿನ ಮೇಲೆ ಇಳಿಯುವ ಸೀಪ್ಲೇನಿನಲ್ಲಿ ಹೋಗಬೇಕು, ಅದರ ಖರ್ಚು ಬೇರೆ. ದೊಡ್ಡವರಿಗೆ ಹೋಗಿ ಬರಲು ತಲಾ 450 ಡಾಲರ್. ನಾವು ದೊಡ್ಡವರು ಐದು ಜನ, ಮಕ್ಕಳಿಬ್ಬರು. ಸರಕಾರದ ತೆರಿಗೆಗಳೂ ಬೇರೆ. ಅಷ್ಟೇ ಅಲ್ಲ, ಸೀಪ್ಲೇನ್ ಹಗಲಿನಲ್ಲಿ ಮಾತ್ರ ಹಾರುತ್ತದೆ. ತಂಗಿಯವರ ವಿಮಾನ ಇಳಿಯುವುದು ಸಂಜೆ ಐದು ಗಂಟೆಗೆ. ಅಂದರೆ ಮೊದಲ ರಾತ್ರಿ ಮಾಲೆಯಲ್ಲಿ ಬೇರೆ ಕೋಣೆ ಹಿಡಿಯಬೇಕು, ದ್ವೀಪದ ಖಾಲಿ ಕೋಣೆಗೂ ಹಣ ಕೊಡಬೇಕು.

ಎಲ್ಲ ಕೂಡಿಸಿದರೆ ಹೇಳಿದ್ದರ ಹತ್ತಿರ ಹತ್ತಿರ ಎರಡು ಪಾಲಾಯಿತು. ಬೇಡವೆಂದೆವು. ಮುಂಗಡ ವಾಪಸು ಬರಲಿಲ್ಲ. ಅದು ತಂಗಿಯ ಗಂಡನ ಒಂದು ವಾರದ ದುಡಿಮೆಗಿಂತ ಹೆಚ್ಚು. ಬೇಸಿಗೆಯಲ್ಲಿ ದಮ್ಮಾಮಿನ ಬಿಸಿಲು ಹೇಗಿರುತ್ತದೆಂದು ಅಲ್ಲಿದ್ದವರಿಗೆ ಗೊತ್ತು. ಅವರು ನನ್ನನ್ನಾಗಲಿ ತಂಗಿಯನ್ನಾಗಲಿ ಒಂದು ಮಾತೂ ಅನ್ನಲಿಲ್ಲ. "ಉಮ್ಮನಿಗೆ ಮಾತ್ರ ಹೇಳಬೇಡಿ, ಬರುವುದಿಲ್ಲ ಅನ್ನುತ್ತಾರೆ" ಎಂದರು. ಅವರು ಸುಮ್ಮನಿದ್ದುದೇ ನನಗೆ ಹೆಚ್ಚು ನೋವಾಯಿತು. ಎರಡನೇ ಸಲ ನಾನೇ ಕಾಗದ, ಪೆನ್ನು ಹಿಡಿದು ಕುಳಿತೆ. ಆಗ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಬಗೆಯ ದ್ವೀಪಗಳು

ಮಾಲ್ದೀವ್ಸಿನಲ್ಲಿ ಸುಮಾರು 1,190 ದ್ವೀಪಗಳಿವೆ. ಜನವಸತಿ ಇರುವುದು ಇನ್ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಪ್ರವಾಸಿಗರಿಗೆ ಇವು ಎರಡು ಬಗೆ. ಮೊದಲನೆಯದು ರೆಸಾರ್ಟ್ ದ್ವೀಪ. ಇಡೀ ದ್ವೀಪಕ್ಕೆ ಒಂದೇ ಹೋಟೆಲು. 1972ರಲ್ಲಿ ಇವು ಆರಂಭವಾದವು. ಇಲ್ಲಿ ಮದ್ಯ ಮಾರಲು ಅನುಮತಿಯಿದೆ. ಊಟ, ದೋಣಿ, ನೀರು ಎಲ್ಲವನ್ನೂ ಆ ಹೋಟೆಲಿನವರು ಹೇಳಿದ ಬೆಲೆಗೇ ಕೊಳ್ಳಬೇಕು.

ಎರಡನೆಯದು ಊರಿನ ಜನ ವಾಸಿಸುವ ದ್ವೀಪ. ಹಿಂದೆ ಇಲ್ಲಿ ಪ್ರವಾಸಿಗರು ತಂಗುವಂತಿರಲಿಲ್ಲ. 2009ರ ನಂತರ ಕಾನೂನು ಸಡಿಲವಾಗಿ ಊರಿನವರೇ ಗೆಸ್ಟ್ ಹೌಸ್ ತೆರೆದರು. ಮಾಲೆಯಿಂದ 27 ಕಿಲೋಮೀಟರ್ ದೂರದ ಮಾಫುಶಿ ಇದರಲ್ಲಿ ಮೊದಲಿನದು. ಮಾಲ್ದೀವ್ಸ್ ಪೂರ್ತಿ ಮುಸ್ಲಿಮ್ ದೇಶ. ಊರ ದ್ವೀಪಗಳಲ್ಲಿ ಮದ್ಯ, ಹಂದಿಮಾಂಸ ಇಲ್ಲ. ಎಲ್ಲಿ ನಿಂತರೂ ಬಾಂಗು ಕೇಳುತ್ತದೆ. ವಿದೇಶೀಯರು ಈಜುಡುಗೆಯಲ್ಲಿ ಇರಲು ಮರೆ ಕಟ್ಟಿದ ಬೇರೆ ಕಡಲತೀರ ಇರುತ್ತದೆ, ಉಳಿದ ಕಡೆ ಎಲ್ಲರೂ ಮೈಮುಚ್ಚಿ ನಡೆಯಬೇಕು. ಬುರ್ಖಾ ಹಾಕಿದ ಹೆಂಗಸು ಅಲ್ಲಿ ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. ನಮ್ಮಂಥ ಕುಟುಂಬಗಳಿಗೆ ಇದೇ ಸರಿ ಎಂದು ನನಗನಿಸಿತು. ಬೆಲೆಯೂ ಕಡಿಮೆ. ಸಾಧಾರಣ ಗೆಸ್ಟ್ ಹೌಸಿನಲ್ಲಿ ಐವತ್ತರಿಂದ ನೂರು ಡಾಲರಿಗೆ ಇಬ್ಬರ ಕೋಣೆ ಸಿಗುತ್ತದೆ.

ಒಂದು ಮಾತು ಹೇಳಲೇಬೇಕು. ಮಾಫುಶಿ ಈಗ ಜನಜಂಗುಳಿಯ ದ್ವೀಪ. ತೀರದಿಂದ ದೂರ ನಿಲ್ಲಿಸಿದ ದೋಣಿಗಳಲ್ಲಿ ಮದ್ಯ ಮಾರುವುದೂ ಇದೆ. ನಮಗೆ ಹತ್ತಿರದ ದಾರಿ ಬೇಕಿದ್ದುದರಿಂದ ಅಲ್ಲಿಗೇ ಹೋದೆವು. ಆದರೆ ಪ್ರವಾಸಿಗರ ಬೀದಿಯಿಂದ ದೂರ, ಮಸೀದಿಯ ಹತ್ತಿರ ಕೋಣೆ ಬೇಕೆಂದು ಮೊದಲೇ ಕೇಳಿಕೊಂಡೆವು.

ದೋಣಿಯ ಲೆಕ್ಕ

ನಮ್ಮೂರಲ್ಲಿ ಎಲ್ಲಿಗೆ ಹೋದರೂ ಬಸ್ ನಿಲ್ದಾಣದಿಂದ ಆಟೋ ಸಿಗುತ್ತದೆ. ಅದೇ ಅಭ್ಯಾಸದಲ್ಲಿ ನಾವು ಕೋಣೆಯ ಬೆಲೆಯನ್ನು ಮಾತ್ರ ಕೇಳುತ್ತೇವೆ. ಮಾಲ್ದೀವ್ಸಿನಲ್ಲಿ ವಿಮಾನ ಇಳಿಯುವುದೂ ಒಂದು ದ್ವೀಪದಲ್ಲೇ. ಅಲ್ಲಿಂದ ಮುಂದಿನ ದಾರಿ ನೀರು. ಆದ್ದರಿಂದ ಕೋಣೆಗಿಂತ ಮೊದಲು ದೋಣಿಯನ್ನು ಕೇಳಬೇಕು.

ದಾರಿಗಳು ಮೂರು. ಒಂದು ಸೀಪ್ಲೇನ್, ದೂರದ ದ್ವೀಪಗಳಿಗೆ. ಇದರಲ್ಲಿ ಸಾಮಾನು ಸುಮಾರು 20 ಕಿಲೋ, ಕೈಚೀಲ 5 ಕಿಲೋ ಮಾತ್ರ. ಗಲ್ಫಿನಿಂದ ಬರುವವರ ಪೆಟ್ಟಿಗೆಗಳನ್ನು ನೆನೆದರೆ ಈ ಲೆಕ್ಕ ಎಷ್ಟು ಕಷ್ಟವೆಂದು ತಿಳಿಯುತ್ತದೆ. ಎರಡನೆಯದು ಸ್ಪೀಡ್ ಬೋಟ್. ಮಾಫುಶಿಗೆ ಮುಕ್ಕಾಲು ಗಂಟೆಯೊಳಗೆ ತಲಪುತ್ತದೆ, ತಲಾ 25 ಡಾಲರಿನ ಆಸುಪಾಸು. ಮೂರನೆಯದು ಸರಕಾರಿ ದೋಣಿ. ಒಂದೂವರೆ ಗಂಟೆಗೂ ಹೆಚ್ಚು ಹಿಡಿಯುತ್ತದೆ, ಬಹಳ ಅಗ್ಗ. ಆದರೆ ಅದು ಹೊರಡುವುದು ಮಾಲೆ ಪಟ್ಟಣದಿಂದ, ಶುಕ್ರವಾರ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ.

ಎರಡು ಕಡೆಯಿಂದ ಬರುವವರು ಇನ್ನೊಂದನ್ನೂ ನೋಡಬೇಕು. ಮಾಲ್ದೀವ್ಸಿನ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ, ಸೌದಿಗಿಂತ ಎರಡು ಗಂಟೆ ಮುಂದೆ. ಟಿಕೆಟಿನಲ್ಲಿ ಇಳಿಯುವ ಹೊತ್ತು ಅಲ್ಲಿನ ಗಂಟೆಯಲ್ಲೇ ಇರುತ್ತದೆ. ನಾವು ಬೆಂಗಳೂರಿನಿಂದ ಮಧ್ಯಾಹ್ನ ತಲಪುವಂತೆ, ತಂಗಿಯವರು ದುಬೈ ಮೂಲಕ ಸಂಜೆಯೊಳಗೆ ತಲಪುವಂತೆ ಟಿಕೆಟ್ ಮಾಡಿದೆವು. ಕೊನೆಯ ಸ್ಪೀಡ್ ಬೋಟಿನ ಗಂಟೆ ಯಾವುದೆಂದು ಗೆಸ್ಟ್ ಹೌಸಿನವರಿಂದ ಬರೆಸಿಕೊಂಡ ಮೇಲೆಯೇ ಟಿಕೆಟಿಗೆ ಹಣ ಕೊಟ್ಟೆವು.

ಯಾವ ತಿಂಗಳು?

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಮಳೆ ಕಡಿಮೆ, ಕಡಲು ಶಾಂತ. ನಮ್ಮ ಕರಾವಳಿಯಲ್ಲಿ ಮುಂಗಾರು ಸುರಿಯುವ ತಿಂಗಳುಗಳಲ್ಲಿ ಅಲ್ಲೂ ಗಾಳಿ, ಮಳೆ. ಗಲ್ಫಿನ ಮಕ್ಕಳಿಗೆ ದೊಡ್ಡ ರಜೆ ಸಿಗುವುದು ಜುಲೈ, ಆಗಸ್ಟಿನಲ್ಲಿ. ಆಗ ಬೆಲೆ ಇಳಿದಿರುತ್ತದೆ, ಆದರೆ ದೋಣಿ ಕುಣಿಯುತ್ತದೆ. ಡಿಸೆಂಬರಿನ ಕೊನೆಯಲ್ಲಿ ಹವೆ ಚೆನ್ನ, ಬೆಲೆ ಏರು. ರಮಝಾನಿನಲ್ಲಿ ಊರ ದ್ವೀಪಗಳ ಹೋಟೆಲುಗಳು ಹಗಲು ಮುಚ್ಚಿರುತ್ತವೆ. ನಾವು ಈದ್ ಕಳೆದ ಮೂರನೇ ದಿನ ಹೊರಟೆವು. ತಂಗಿಯ ಮಕ್ಕಳಿಗೆ ಹೊಸ ತರಗತಿಯ ಪಾಠ ಇನ್ನೂ ಶುರುವಾಗಿರಲಿಲ್ಲ. ನಾನು ಶಾಲೆಗೆ ನಾಲ್ಕು ದಿನ ರಜೆ ಹಾಕಿದೆ.

ಕಾಗದಪತ್ರ

ಮಾಲ್ದೀವ್ಸಿಗೆ ಮೊದಲೇ ವೀಸಾ ಮಾಡಿಸಬೇಕಿಲ್ಲ. ಇಳಿದಾಗ ಉಚಿತವಾಗಿ ಕೊಡುತ್ತಾರೆ. ಪಾಸ್‌ಪೋರ್ಟ್, ಮರಳುವ ಟಿಕೆಟ್, ತಂಗುವ ಜಾಗದ ಬುಕಿಂಗ್ ಕೈಯಲ್ಲಿರಬೇಕು. ಹೊರಡುವ ಮೊದಲಿನ 96 ಗಂಟೆಗಳೊಳಗೆ 'ಇಮುಗಾ' ಎಂಬ ಸರಕಾರಿ ಅರ್ಜಿಯನ್ನು ಇಂಟರ್‌ನೆಟ್ಟಿನಲ್ಲಿ ತುಂಬಬೇಕು. ಇದಕ್ಕೂ ಹಣವಿಲ್ಲ. ಹಣ ಕೇಳುವ ಜಾಗ ಸರಕಾರದ್ದಲ್ಲವೆಂದು ತಿಳಿಯಿರಿ.

ಗಲ್ಫಿನಲ್ಲಿರುವವರು ಮರೆಯುವುದು ಬೇರೆಯೇ ಒಂದನ್ನು. ಹೋಗುವ ದೇಶದ ಕಾಗದ ನೋಡುತ್ತಾರೆ, ಬಿಟ್ಟುಹೋಗುವ ದೇಶದ್ದನ್ನು ನೋಡುವುದಿಲ್ಲ. ಸೌದಿಯಿಂದ ಹೊರಡುವ ಮೊದಲು ಮನೆಯ ಪ್ರತಿಯೊಬ್ಬರಿಗೂ ಹೋಗಿ ಮರಳುವ ವೀಸಾ ಬೇಕು. ಒಂದು ಸಲದ್ದಕ್ಕೆ ಎರಡು ತಿಂಗಳವರೆಗೆ 200 ರಿಯಾಲ್. ಇದನ್ನೂ ಪ್ರವಾಸದ ಖರ್ಚಿಗೆ ಸೇರಿಸಿಕೊಳ್ಳಬೇಕು. ಇಕಾಮಾದ ಅವಧಿಯನ್ನೂ ನೋಡಿಕೊಳ್ಳಬೇಕು.

ಉಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಮಾತ್ರೆಗಳನ್ನು ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲೇ ಇಟ್ಟೆವು. ಸಣ್ಣ ದ್ವೀಪಗಳಲ್ಲಿ ಆರೋಗ್ಯ ಕೇಂದ್ರವಿರುತ್ತದೆ, ದೊಡ್ಡ ಚಿಕಿತ್ಸೆಗೆ ಮಾಲೆಗೇ ಬರಬೇಕು. ಹಿರಿಯರಿದ್ದರೆ ದೂರದ ದ್ವೀಪ ಬೇಡ ಎನ್ನಲು ಇದೂ ಒಂದು ಕಾರಣ.

ಬೆಲೆಯೊಳಗಿನ ಬೆಲೆ

ಹೇಳಿದ ಬೆಲೆಯ ಮೇಲೆ ಮೂರು ಸೇರುತ್ತವೆ. ಸರಕಾರದ ಪ್ರವಾಸೋದ್ಯಮ ತೆರಿಗೆ ನಾವು ಹೋದಾಗ ಶೇ. 16 ಇತ್ತು, 2025ರ ಜುಲೈಯಿಂದ ಶೇ. 17 ಆಗಿದೆ. ಸೇವಾ ಶುಲ್ಕ ಸಾಮಾನ್ಯವಾಗಿ ಶೇ. 10. ಮೂರನೆಯದು ಹಸಿರು ತೆರಿಗೆ. 2025ರ ಜನವರಿಯಿಂದ ಇದು ಎರಡು ಪಟ್ಟಾಗಿ, ರೆಸಾರ್ಟಿನಲ್ಲಿ ದಿನಕ್ಕೆ ತಲಾ 12 ಡಾಲರ್, ಊರ ದ್ವೀಪಗಳ ಸಣ್ಣ ಗೆಸ್ಟ್ ಹೌಸುಗಳಲ್ಲಿ 6 ಡಾಲರ್ ಆಯಿತು. ಎರಡು ವರ್ಷ ತುಂಬದ ಮಕ್ಕಳಿಗೆ ಮಾತ್ರ ಇಲ್ಲ. ನಾವು ಏಳು ಜನ, ನಾಲ್ಕು ದಿನ. ಗೆಸ್ಟ್ ಹೌಸಿನಲ್ಲಿ 168 ಡಾಲರ್, ರೆಸಾರ್ಟಿನಲ್ಲಾಗಿದ್ದರೆ 336 ಡಾಲರ್. ನಾಲ್ಕು ವರ್ಷದ ಮಗುವಿಗೂ ದೊಡ್ಡವರಷ್ಟೇ.

ಹಣ ಕೊಡುವ ಮೊದಲು ಈ ಐದು ಪ್ರಶ್ನೆಗಳಿಗೆ ಉತ್ತರವನ್ನು ಬರಹದಲ್ಲಿ ಪಡೆಯಿರಿ:

1. ವಿಮಾನ ನಿಲ್ದಾಣದಿಂದ ದ್ವೀಪಕ್ಕೆ ಯಾವುದರಲ್ಲಿ, ಎಷ್ಟು ಹಣಕ್ಕೆ, ಕೊನೆಯದು ಎಷ್ಟು ಗಂಟೆಗೆ?
2. ಎಲ್ಲ ತೆರಿಗೆ ಸೇರಿ ಒಟ್ಟು ಎಷ್ಟು?
3. ಮಕ್ಕಳಿಗೆ, ಹೆಚ್ಚುವರಿ ಹಾಸಿಗೆಗೆ ಎಷ್ಟು?
4. ಬೇಡವೆಂದರೆ ಯಾವ ದಿನದವರೆಗೆ ಹಣ ವಾಪಸು?
5. ಊಟವೆಂದರೆ ಎಷ್ಟು ಹೊತ್ತಿನ ಊಟ? ರೆಸಾರ್ಟಾದರೆ ಮಾಂಸ ಹಲಾಲೇ?

ನಮ್ಮ ಗೆಸ್ಟ್ ಹೌಸಿನವರು ಅದೇ ದಿನ ಐದಕ್ಕೂ ಉತ್ತರ ಕೊಟ್ಟರು. ಹಿಂದಿನ ಏಜೆಂಟರು ಎರಡನೆಯ ಪ್ರಶ್ನೆಗೇ "ಅದೆಲ್ಲ ಆಮೇಲೆ ನೋಡೋಣ" ಎಂದಿದ್ದರು. ಹಾಗೆ ಹೇಳುವವರಿಗೆ ಹಣ ಕೊಡಬೇಡಿ.

ಉಮ್ಮ ದೋಣಿ ಹತ್ತಿದರು

ಮಾಲ್ದೀವ್ಸಿನ ವಿಮಾನ ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೇ ಕಡಲು. ಟ್ಯಾಕ್ಸಿಗಳ ಬದಲು ದೋಣಿಗಳು ನಿಂತಿರುತ್ತವೆ. ತಂಗಿಯವರು ಬರುವವರೆಗೆ ಅಲ್ಲೇ ಕುಳಿತಿದ್ದೆವು. ಅವಳು ಬಂದವಳೇ ಉಮ್ಮನನ್ನು ಅಪ್ಪಿ ಅತ್ತಳು. ಮಕ್ಕಳು ಮಾತ್ರ ದೋಣಿ ಎಣಿಸುತ್ತಿದ್ದರು.

ದೋಣಿ ಹತ್ತುವಾಗ ಉಮ್ಮ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬೆರಳು ನೋಯುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂರಿಸಿ, ಅಲ್ಲಿ ಕುಲುಕಾಟ ಕಡಿಮೆ ಎಂದು ದೋಣಿಯ ಹುಡುಗ ಹೇಳಿದ. ಮುಂದೆ ಹಿರಿಯರನ್ನು ಕರೆದೊಯ್ಯುವವರು ಇದನ್ನು ನೆನಪಿಡಿ. ಉಮ್ಮ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ದುಆ ಓದುತ್ತಿದ್ದರು.

ಮರುದಿನ ಬೆಳಗ್ಗೆ 'ಮಸ್ ಹುನಿ' ಕೊಟ್ಟರು. ಕೇದರ ಮೀನು, ತೆಂಗಿನತುರಿ, ಈರುಳ್ಳಿ, ಮೆಣಸು ಕಲಸಿದ್ದು, ಜೊತೆಗೆ ರೊಟ್ಟಿ. ಉಮ್ಮ ಒಂದು ತುತ್ತು ತಿಂದು, "ಇದು ನಮ್ಮ ಮನೆಯದೇ" ಎಂದರು. ಅಡುಗೆಯ ಹೆಂಗಸಿಗೂ ಅವರಿಗೂ ಭಾಷೆ ಇರಲಿಲ್ಲ. ಆದರೂ ಮೂರನೇ ದಿನಕ್ಕೆ ಇಬ್ಬರೂ ಒಟ್ಟಿಗೆ ತೆಂಗು ತುರಿಯುತ್ತಿದ್ದರು.

ಆ ಊರುಗಳಲ್ಲಿ ಮನೆಯ ಮುಂದೆ ಹಗ್ಗದ ಬಲೆ ಕಟ್ಟಿದ ಆಸನಗಳಿರುತ್ತವೆ, 'ಜೋಲಿ' ಎನ್ನುತ್ತಾರೆ. ಸಂಜೆ ಅಸರ್ ಕಳೆದ ಮೇಲೆ ನಾವು ಅದರಲ್ಲಿ ಕುಳಿತುಕೊಳ್ಳುತ್ತಿದ್ದೆವು. ಹನ್ನೊಂದು ವರ್ಷಗಳಲ್ಲಿ ತಂಗಿ ಮತ್ತು ಉಮ್ಮ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಒಂದು ಮಳೆಗಾಲದ ಆರಂಭದಲ್ಲಿ ಅಬ್ಬನ ಮಂಜಿ ಒಂಬತ್ತು ದಿನ ತಡವಾದ ಕತೆಯನ್ನು ಉಮ್ಮ ಅಲ್ಲೇ ಹೇಳಿದರು. ಆಗ ತಂಗಿ ಹೊಟ್ಟೆಯಲ್ಲಿದ್ದಳಂತೆ. ಅದು ನನಗೂ ಗೊತ್ತಿರಲಿಲ್ಲ.

ಮರಳುವ ದಿನ ಮಾಲೆಯ ಹಳೆಯ ಜುಮಾ ಮಸೀದಿ ನೋಡಿದೆವು. 1658ರಲ್ಲಿ ಹವಳದ ಕಲ್ಲಿನಿಂದ ಕಟ್ಟಿದ್ದು, ಗೋಡೆಯ ಕೆತ್ತನೆ ನೋಡಲು ಎರಡು ಕಣ್ಣು ಸಾಲದು. ನಮ್ಮ ಮಂಗಳೂರನ್ನೂ ಕಂಡಿದ್ದ ಇಬ್ನ್ ಬತೂತ 1343ರಲ್ಲಿ ಈ ದ್ವೀಪಗಳಿಗೆ ಬಂದು ಖಾಝಿಯಾಗಿದ್ದರು. ಮದ್ರಸದಲ್ಲಿ ಓದಿದ್ದ ಹೆಸರು ಅಲ್ಲಿ ನೆನಪಾಯಿತು.

ಹೊರಡುವ ಹಿಂದಿನ ಸಂಜೆ ಉಮ್ಮ ಮೊಣಕಾಲಿನ ನೋವನ್ನೂ ಮರೆತು ನೀರಿಗಿಳಿದರು. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಕಾಲಬೆರಳುಗಳು ಕಾಣುತ್ತಿದ್ದವು. ಬಹಳ ಹೊತ್ತು ಕೆಳಗೆ ನೋಡಿದರು. "ದ್ವೀಪದ ನೀರು ಕನ್ನಡಿಯ ಹಾಗಿರುತ್ತದೆ ಎಂದು ನಿಮ್ಮ ಅಬ್ಬ ಹೇಳುತ್ತಿದ್ದರು. ಸುಮ್ಮನೆ ಹೇಳುತ್ತಾರೆ ಎಂದುಕೊಂಡಿದ್ದೆ" ಎಂದರು.

ತಂಗಿಯ ಗಂಡ ನನ್ನ ಮುಖ ನೋಡಿ ನಕ್ಕರು. ಆ 1,500 ರಿಯಾಲಿನ ವಿಷಯವನ್ನು ಇಂದಿಗೂ ನಾವು ಉಮ್ಮನಿಗೆ ಹೇಳಿಲ್ಲ.