ಚಿತ್ರಪಂಕ್ತಿಯ ಬೆಕ್ಕು

ದಿನಪತ್ರಿಕೆಯ ಪುಟದಲ್ಲಿ ಮೂರು ನಾಲ್ಕು ಚೌಕಟ್ಟುಗಳ ಒಂದು ಸಾಲು; ಅದರಲ್ಲಿ ದಿನವೂ ಮರಳಿ ಬರುವ ಅವೇ ಪಾತ್ರಗಳು; ಕೊನೆಯ ಚೌಕಟ್ಟಿನಲ್ಲಿ ಒಂದು ನಗೆ. ಕಾಮಿಕ್ ಸ್ಟ್ರಿಪ್ ಎಂದು ಹೆಸರಾದ ಈ ರೂಪವನ್ನು ಕನ್ನಡದಲ್ಲಿ ಚಿತ್ರಪಂಕ್ತಿ ಎನ್ನಬಹುದು. ಮಕ್ಕಳ ವಿನೋದವೆಂದು ವಿದ್ವಾಂಸರು ಇದನ್ನು ಉಪೇಕ್ಷಿಸುವುದುಂಟು. ಆದರೆ ನೂರು ವರ್ಷಗಳಿಗೂ ಮಿಕ್ಕ ಇದರ ಇತಿಹಾಸದಲ್ಲಿ ಬೆಕ್ಕಿಗೆ ದೊರೆತಿರುವ ಸ್ಥಾನ ವಿಚಾರಾರ್ಹವಾಗಿದೆ. ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಈ ಪ್ರಾಣಿಯೇ ಮತ್ತೆ ಮತ್ತೆ ನಾಯಕಪದವಿಗೆ ಏರಿದುದೇಕೆ? ನಮ್ಮ ಕಥಾಸಾಹಿತ್ಯದಲ್ಲಿ ಬೆಕ್ಕಿಗೆ ಕೊರತೆಯಿಲ್ಲದಿದ್ದರೂ ಅದು ಚಿತ್ರಪಂಕ್ತಿಗೆ ಬಂದು ನೆಲಸದಿರಲು ಕಾರಣವೇನು?

ನಮ್ಮ ಪರಂಪರೆಯ ಬೆಕ್ಕು ಮುಖ್ಯವಾಗಿ ಕಪಟಿ. ಮಹಾಭಾರತದ ಪ್ರಚಲಿತ ಪಾಠದ ಉದ್ಯೋಗಪರ್ವದಲ್ಲಿ ದುರ್ಯೋಧನನು ಉಲೂಕನ ಮೂಲಕ ಕಳುಹಿಸುವ ಸಂದೇಶದೊಳಗೆ ಗಂಗಾತೀರದಲ್ಲಿ ತೋಳೆತ್ತಿ ತಪಸ್ಸಿಗೆ ನಿಂತ ಬೆಕ್ಕಿನ ಕಥೆಯೊಂದಿದೆ. ಇಲಿಗಳು ಅದರ ವ್ರತನಿಷ್ಠೆಯನ್ನು ನಂಬಿ ಶರಣು ಹೋಗುತ್ತವೆ. ಅವುಗಳ ಸಂಖ್ಯೆ ಕುಗ್ಗುತ್ತ ಹೋದಂತೆ ತಪಸ್ವಿಯ ಮೈ ತುಂಬುತ್ತ ಬರುತ್ತದೆ. ಏಳನೆಯ ಶತಮಾನದ ಪಲ್ಲವ ಶಿಲ್ಪಿಗಳು ಮಹಾಬಲಿಪುರದ ಬಂಡೆಯ ಮೇಲೆ ಮುಂಗಾಲೆತ್ತಿ ನಿಂತ ಇಂಥ ಬೆಕ್ಕನ್ನೂ ಅದರ ಸುತ್ತಲಿನ ಇಲಿಗಳನ್ನೂ ಕೆತ್ತಿದ್ದಾರೆ. ಹಿತೋಪದೇಶದ ದೀರ್ಘಕರ್ಣನೆಂಬ ಬೆಕ್ಕು ಧರ್ಮದ ಮಾತಾಡಿ ಜರದ್ಗವನೆಂಬ ಹದ್ದಿನ ಪೊಟರೆಯಲ್ಲಿ ಆಶ್ರಯ ಪಡೆದು ಹಕ್ಕಿಮರಿಗಳನ್ನು ತಿನ್ನುತ್ತದೆ. ಮನುಸ್ಮೃತಿಯು ಡಾಂಭಿಕನನ್ನು ಬೈಡಾಲವ್ರತಿಕನೆಂದು ಕರೆಯಿತು. ಕನ್ನಡದ ಆಡುಮಾತು ‘ಮಾರ್ಜಾಲ ಸಂನ್ಯಾಸಿ’ಯನ್ನು ಇಂದಿಗೂ ಮರೆತಿಲ್ಲ.

ಇದಕ್ಕೆ ತೀರ ಬೇರೆಯಾದ ಇನ್ನೊಂದು ಬೆಕ್ಕು ಕನ್ನಡ ಮನೆಗಳಿಗೆ ಚಿರಪರಿಚಿತ. ಅದು ತೆನಾಲಿ ರಾಮಕೃಷ್ಣನ ಬೆಕ್ಕು. ಇಲಿಗಳ ಕಾಟವನ್ನು ನೀಗಲು ಕೃಷ್ಣದೇವರಾಯನು ಮನೆಮನೆಗೂ ಒಂದು ಬೆಕ್ಕನ್ನೂ, ಅದರ ಹಾಲಿಗಾಗಿ ಒಂದು ಹಸುವನ್ನೂ ಕೊಟ್ಟನೆಂದು ಐತಿಹ್ಯ. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟನು. ಬಾಯಿ ಸುಟ್ಟುಕೊಂಡ ಪ್ರಾಣಿ ಅಂದಿನಿಂದ ಹಾಲಿನ ಬಟ್ಟಲನ್ನು ಕಂಡರೆ ಓಡತೊಡಗಿತು. ಹಾಲೆಲ್ಲ ಯಜಮಾನನಿಗೇ ಉಳಿಯಿತು.

ಈ ಎರಡು ಬೆಕ್ಕುಗಳ ಭೇದವನ್ನು ಗಮನಿಸಬೇಕು. ಸಂನ್ಯಾಸಿ ಬೆಕ್ಕು ತನ್ನ ಸ್ವಭಾವವನ್ನು ಮರೆಮಾಡುತ್ತದೆ. ತೆನಾಲಿಯ ಬೆಕ್ಕು ಸ್ವಭಾವವನ್ನೇ ಕಳೆದುಕೊಂಡಿದೆ. ಮೊದಲನೆಯದರಿಂದ ಹುಟ್ಟುವುದು ವಿಡಂಬನೆ, ನೀತಿ, ಎಚ್ಚರಿಕೆ. ಎರಡನೆಯದರಿಂದ ಹುಟ್ಟುವುದು ಶುದ್ಧ ಹಾಸ್ಯ. ವೇಷ, ಆಕಾರ, ಮಾತು, ನಡೆಗಳ ವಿಕೃತಿಯಿಂದ ಹಾಸ್ಯರಸವು ಉಂಟಾಗುವುದೆಂದು ನಾಟ್ಯಶಾಸ್ತ್ರವು ಹೇಳುತ್ತದೆ. ಹಾಲಿಗೆ ಹೆದರುವ ಬೆಕ್ಕಿಗಿಂತ ಸ್ಪಷ್ಟವಾದ ವಿಕೃತಿ ಯಾವುದು? ಇನ್ನೊಂದು ಭೇದವೂ ಉಂಟು. ಕಪಟವು ಬಯಲಾದೊಡನೆ ಕಪಟಿಯ ಕಥೆ ಮುಗಿಯುತ್ತದೆ. ನಾಳೆಗೆ ಏನೂ ಉಳಿಯುವುದಿಲ್ಲ. ಸ್ವಭಾವ ತಪ್ಪಿದ ಪ್ರಾಣಿಯ ಫಜೀತಿಯಾದರೋ ದಿನವೂ ಹೊಸದಾಗಿ ಒದಗುತ್ತದೆ. ಚಿತ್ರಪಂಕ್ತಿಗೆ ಬೇಕಾದುದು ಇಂಥ ಕೊನೆಯಿಲ್ಲದ ಪಾತ್ರ. ಪಾಶ್ಚಾತ್ಯ ಚಿತ್ರಪಂಕ್ತಿಯ ಪ್ರಸಿದ್ಧ ಬೆಕ್ಕುಗಳನ್ನು ಪರಿಶೀಲಿಸಿದರೆ ಈ ಮಾತು ದೃಢಪಡುತ್ತದೆ.

ಇವುಗಳಲ್ಲಿ ಅಗ್ರಗಣ್ಯವಾದುದು ಜಾರ್ಜ್ ಹೆರಿಮನ್ ಎಂಬ ಅಮೆರಿಕದ ಕಲಾವಿದನ ‘ಕ್ರೇಜಿ ಕ್ಯಾಟ್’. 1910ರಲ್ಲಿ ಅವನ ಇನ್ನೊಂದು ಚಿತ್ರಪಂಕ್ತಿಯ ಕೆಳಅಂಚಿನಲ್ಲಿ ಜಾಗ ತುಂಬಲೆಂದು ಬರೆದ ಬೆಕ್ಕು ಮತ್ತು ಇಲಿ, 1913ರಲ್ಲಿ ಸ್ವತಂತ್ರ ಪಂಕ್ತಿಯಾಗಿ ಬೆಳೆದು ನಿಂತವು. ಇಲ್ಲಿ ಬೆಕ್ಕು ಇಲಿಯನ್ನು ಅಟ್ಟುವುದಿಲ್ಲ, ಪ್ರೀತಿಸುತ್ತದೆ. ಇಗ್ನಾಟ್ಸ್ ಎಂಬ ಆ ಇಲಿ ಬೆಕ್ಕಿನ ತಲೆಗೆ ಗುರಿಯಿಟ್ಟು ಇಟ್ಟಿಗೆ ಎಸೆಯುತ್ತದೆ. ಬೆಕ್ಕು ಆ ಪೆಟ್ಟನ್ನೇ ಪ್ರೇಮದ ಕಾಣಿಕೆಯೆಂದು ತಿಳಿದು ಹಿಗ್ಗುತ್ತದೆ. ಬೆಕ್ಕಿನಲ್ಲಿ ಮನಸ್ಸಿಟ್ಟ ಪೊಲೀಸ್ ನಾಯಿ ಇಲಿಯನ್ನು ಸೆರೆಮನೆಗೆ ನೂಕುತ್ತದೆ. ಮೂರು ಪ್ರಾಣಿಗಳ ಸಹಜವೈರವನ್ನು ಹೀಗೆ ತಲೆಕೆಳಗು ಮಾಡಿ, ಈ ಒಂದೇ ಘಟನೆಯನ್ನು ಹೆರಿಮನ್ ಮೂವತ್ತು ವರ್ಷಗಳ ಕಾಲ ಹೊಸ ಹೊಸ ಬಗೆಗಳಲ್ಲಿ ಚಿತ್ರಿಸಿದನು. ಹಿನ್ನೆಲೆಯಲ್ಲಿ ಅರಿಜೋನದ ಮರುಭೂಮಿಯ ಬಂಡೆಗಳು ಚೌಕಟ್ಟಿನಿಂದ ಚೌಕಟ್ಟಿಗೆ ರೂಪ ಬದಲಿಸುತ್ತಿದ್ದವು. ಬದಲಾಗದೆ ಉಳಿದುದು ಬೆಕ್ಕಿನ ಪ್ರೀತಿ ಮಾತ್ರ. ಪತ್ರಿಕೋದ್ಯಮಿ ಹರ್ಸ್ಟ್ ಇದಕ್ಕೆ ಆಶ್ರಯವಿತ್ತನು. 1924ರಲ್ಲಿ ವಿಮರ್ಶಕ ಗಿಲ್ಬರ್ಟ್ ಸೆಲ್ಡಿಸ್ ಇದನ್ನು ಗಂಭೀರ ಕಲೆಯೆಂದು ಕೊಂಡಾಡಿದನು. 1944ರಲ್ಲಿ ಹೆರಿಮನ್ ತೀರಿಕೊಂಡಾಗ ಪಂಕ್ತಿಯೂ ನಿಂತಿತು.

ಫೆಲಿಕ್ಸ್ ಎಂಬ ಕಪ್ಪು ಬೆಕ್ಕು ಇನ್ನೊಂದು ದಾರಿಯಿಂದ ಬಂದಿತು. 1919ರಲ್ಲಿ ಪ್ಯಾಟ್ ಸಲಿವನ್ನನ ಚಿತ್ರಶಾಲೆಯ ಮೂಕಚಲಚ್ಚಿತ್ರಗಳಲ್ಲಿ ಹುಟ್ಟಿ, 1923ರಲ್ಲಿ ಪತ್ರಿಕೆಗೆ ಇಳಿಯಿತು. ಇದರ ಬಾಲ ಬೇಕಾದಾಗ ಕೋಲಾಗುವುದು, ಕೊಕ್ಕೆಯಾಗುವುದು, ಪ್ರಶ್ನಾರ್ಥಕ ಚಿಹ್ನೆಯೂ ಆಗುವುದು. ಎರಡು ತ್ರಿಕೋನ ಕಿವಿ, ನಾಲ್ಕು ಮೀಸೆ, ಒಂದು ಬಾಲ: ಇಷ್ಟು ಗೆರೆಗಳಿದ್ದರೆ ಬೆಕ್ಕನ್ನು ಎಂಥ ಚಿಕ್ಕ ಚೌಕಟ್ಟಿನಲ್ಲಿಯೂ ಗುರುತಿಸಬಹುದು. ಅಗ್ಗದ ಕಾಗದದ ಮೇಲೆ ಅಚ್ಚಾಗಬೇಕಾದ ಕಲೆಗೆ ಇದು ಸಣ್ಣ ಅನುಕೂಲವಲ್ಲ.

ಇಂದಿನ ಓದುಗರಿಗೆ ಅತ್ಯಂತ ಪರಿಚಿತವಾದ ಗಾರ್ಫೀಲ್ಡನ್ನು ಜಿಮ್ ಡೇವಿಸ್ 1978ರ ಜೂನ್ 19ರಂದು 41 ಪತ್ರಿಕೆಗಳಲ್ಲಿ ಒಟ್ಟಿಗೆ ಆರಂಭಿಸಿದನು. ಅದಕ್ಕೆ ಮೊದಲು ಅವನು ಕೀಟವೊಂದನ್ನು ನಾಯಕನನ್ನಾಗಿಸಿ ರಚಿಸಿದ್ದ ಪಂಕ್ತಿ ಫಲಿಸಿರಲಿಲ್ಲ. ಗಾರ್ಫೀಲ್ಡ್ ಇಲಿ ಹಿಡಿಯದ ಬೆಕ್ಕು. ಲಸಾನ್ಯ ಎಂಬ ಇಟಲಿಯ ತಿನಿಸಿಗೆ ಆಸೆಪಡುವ, ಸೋಮವಾರವನ್ನು ದ್ವೇಷಿಸುವ, ನಿದ್ದೆಯನ್ನು ಆರಾಧಿಸುವ ಬೆಕ್ಕು. ಕೆಲಸಕ್ಕೆ ಹೋಗಬೇಕಿಲ್ಲದ ಪ್ರಾಣಿಗೆ ಸೋಮವಾರದ ಮೇಲೇಕೆ ಸಿಟ್ಟು? ಅದು ಓದುಗನ ಸಿಟ್ಟು. ಇಲ್ಲಿಯ ತಂತ್ರವೂ ಸೂಕ್ಷ್ಮವಾದುದು. ಯಜಮಾನ ಜಾನ್ ಬಾಯಿಬಿಟ್ಟು ಮಾತನಾಡುತ್ತಾನೆ. ಬೆಕ್ಕಿನ ಮಾತು ಮೋಡದಂಥ ಆವರಣದೊಳಗೆ ಆಲೋಚನೆಯಾಗಿ ಮೂಡುತ್ತದೆ. ಮೊದಲ ಚೌಕಟ್ಟು ಸಂದರ್ಭವನ್ನು ಒಡ್ಡಿದರೆ, ಎರಡನೆಯದು ತಡೆಹಿಡಿಯುತ್ತದೆ. ಮೂರನೆಯದರಲ್ಲಿ ಬೆಕ್ಕಿನ ಒಂದು ಮನೋಗತ ಎಲ್ಲವನ್ನೂ ಉರುಳಿಸುತ್ತದೆ. ನಾಟಕದ ‘ಸ್ವಗತ’ವೇ ಇಲ್ಲಿ ಮೋಡದ ಆಕಾರ ತಾಳಿದೆ.

ಜಪಾನಿನ ಡೊರೆಮಾನ್ 1969ರ ಕೊನೆಯಲ್ಲಿ ಮಕ್ಕಳ ಪತ್ರಿಕೆಗಳಲ್ಲಿ ಕಾಣಿಸಿಕೊಂಡ ಯಂತ್ರಬೆಕ್ಕು. ಯಂತ್ರದ ಇಲಿಯೊಂದು ಕಿವಿಗಳನ್ನು ಕಡಿದುದರಿಂದ ಅದು ಕಿವಿಯಿಲ್ಲದ ಬೆಕ್ಕಾಯಿತು. ಅಂದಿನಿಂದ ಇಲಿಯನ್ನು ಕಂಡರೆ ನಡುಗುತ್ತದೆ. ಬಾಯಿ ಸುಟ್ಟುಕೊಂಡು ಹಾಲಿಗೆ ಹೆದರಿದ ತೆನಾಲಿಯ ಬೆಕ್ಕಿಗೂ ಇದಕ್ಕೂ ಇರುವ ಸಾಮ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಪೆಟ್ಟು, ಅದರಿಂದ ಹುಟ್ಟಿದ ತೀರದ ಭಯ, ಆ ಭಯದಿಂದ ಬಂದ ಹಾಸ್ಯ: ಎರಡರ ರಚನೆಯೂ ಒಂದೇ.

ಹಾಗಾದರೆ ತೆನಾಲಿಯ ಬೆಕ್ಕಿಗೆ ಕೊರತೆಯಾದುದು ಕಲ್ಪನೆಯಲ್ಲ, ದಿನವೂ ಬಂದು ನಿಲ್ಲಲು ಒಂದು ಚೌಕಟ್ಟು. ಇದಕ್ಕೆ ಉತ್ತಮ ನಿದರ್ಶನಗಳು ಪುಣೆಯಲ್ಲಿಯೇ ಇವೆ. 1921ರಲ್ಲಿ ಮೈಸೂರಿನಲ್ಲಿ ಜನಿಸಿ, ‘ಕೊರವಂಜಿ’ಯ ಪುಟಗಳಿಗೂ ಚಿತ್ರ ಬರೆದ ಆರ್. ಕೆ. ಲಕ್ಷ್ಮಣರು 2015ರಲ್ಲಿ ಈ ನಗರದಲ್ಲಿ ನಿಧನರಾದರು. ಅವರ ಶ್ರೀಸಾಮಾನ್ಯನು ಚಿತ್ರಪಂಕ್ತಿಯ ಪಾತ್ರವಲ್ಲ. ಒಂದೇ ಚೌಕಟ್ಟಿನವನು, ಮಾತಿಲ್ಲದವನು. ಆದರೂ ದಿನದಿನವೂ ಕಾಣಿಸಿಕೊಂಡದ್ದರಿಂದಲೇ ಅವನು ದೇಶಕ್ಕೆಲ್ಲ ಆಪ್ತನಾದನು. 2001ರಲ್ಲಿ ಪುಣೆಯ ಸಿಂಬಯೋಸಿಸ್ ಆವರಣದಲ್ಲಿ ಕಂಚಿನ ಪ್ರತಿಮೆಯಾಗಿಯೂ ನಿಂತನು. ಎರಡನೆಯ ನಿದರ್ಶನ ‘ಚಿಂಟೂ’. ಚಾರುಹಾಸ ಪಂಡಿತ ಮತ್ತು ಪ್ರಭಾಕರ ವಾಡೇಕರ ಅವರು 1991ರಲ್ಲಿ ಮರಾಠಿ ದಿನಪತ್ರಿಕೆಗಾಗಿ ಸೃಷ್ಟಿಸಿದ ಈ ಹುಡುಗ ಸಾಧಾರಣ ಮರಾಠಿ ಮನೆಯವನು. ಅವನ ತುಂಟತನದಲ್ಲಿ ಅಸಾಧಾರಣವಾದುದೇನೂ ಇಲ್ಲ. ಪತ್ರಿಕೆ ಅವನಿಗೆ ದಿನವೂ ಸ್ಥಳ ಕೊಟ್ಟಿತು, ಮನೆಮನೆಯೂ ಅವನನ್ನು ತನ್ನವನೆಂದಿತು. 2012ರಲ್ಲಿ ಅವನು ಚಲಚ್ಚಿತ್ರಕ್ಕೂ ಏರಿದನು.

ಹೊರನಾಡ ಕನ್ನಡಿಗರಿಗೆ ಇದು ಕೇವಲ ಕಲೆಯ ಇತಿಹಾಸವಲ್ಲ. ಪುಣೆಯ ಕನ್ನಡ ಮನೆಯ ಮಗು ಗಾರ್ಫೀಲ್ಡನ್ನು ಇಂಗ್ಲಿಷಿನಲ್ಲಿ ಓದುತ್ತದೆ, ಡೊರೆಮಾನ್ ಹಿಂದಿಯಲ್ಲಿ ಮಾತಾಡುವುದನ್ನು ಕೇಳುತ್ತದೆ, ಚಿಂಟೂವನ್ನು ಮರಾಠಿಯಲ್ಲಿ ಬಲ್ಲದು. ತೆನಾಲಿಯ ಬೆಕ್ಕು ಅದಕ್ಕೆ ದೊರೆಯುವುದು ಅಜ್ಜಿಯ ಬಾಯಿಂದ, ಅಜ್ಜಿ ಇರುವವರೆಗೆ. ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ದೇವನಾಗರಿಯನ್ನು ಕಲಿಯುವ ಮಗುವಿಗೆ ಕನ್ನಡ ಲಿಪಿಯ ಒಂದು ಪುಟ ಬೆಟ್ಟದಂತೆ ತೋರುವುದು ಸಹಜ. ಆದರೆ ಮೂರು ಚೌಕಟ್ಟು, ಆರೇಳು ಮಾತು, ಅವೂ ಮನೆಯಲ್ಲಿ ಆಡುವ ಮಾತುಗಳೇ ಆಗಿದ್ದರೆ, ಅರ್ಧವನ್ನು ಚಿತ್ರವೇ ಓದಿಸುತ್ತದೆ; ಉಳಿದ ಅರ್ಧವನ್ನು ನಗುವ ಆಸೆ ಓದಿಸುತ್ತದೆ. ಸಂಘಗಳ ಸಂಚಿಕೆಗಳಲ್ಲಿ ಇಂಥ ಒಂದು ಸಾಲಿಗೆ ಬೇಕಾಗುವ ಸ್ಥಳ ನಾಲ್ಕು ಬೆರಳಿನಷ್ಟು. ಹಾಲಿಗೆ ಹೆದರುವ ಬೆಕ್ಕು ಆ ಸ್ಥಳಕ್ಕೆ ಬಂದು ಕುಳಿತರೆ ನಾಳೆ ಏನು ಮಾಡೀತೆಂಬ ಕುತೂಹಲವೇ ಮಗುವನ್ನು ಕನ್ನಡ ಅಕ್ಷರಗಳ ಬಳಿಗೆ ಮರಳಿ ಕರೆತರಬಲ್ಲದು.