ದುಪ್ಪಟ್ಟು ಕೂಲಿಯ ಭಾನುವಾರ

(ಕಾರ್ಮಿಕ ಸಂತ ಜೋಸೆಫರ ಹಬ್ಬ, ಮೇ 1)



ಸಂತ ಜೋಸೆಫರಿಗೆ ಧರ್ಮಸಭೆಯ ಪಂಚಾಂಗದಲ್ಲಿ ಎರಡು ಹಬ್ಬಗಳಿವೆ. ಮಾರ್ಚ್ 19ರಂದು ಅವರು ಮಾತೆ ಮರಿಯಳ ಪತಿ. ಮೇ 1ರಂದು ಅವರು ಕೆಲಸಗಾರ. ಈ ಎರಡನೆಯ ಹಬ್ಬವನ್ನು ಜಗದ್ಗುರು ಹನ್ನೆರಡನೇ ಪಿಯುಸ್ ಅವರು 1955ರಲ್ಲಿ ಸ್ಥಾಪಿಸಿದರು. ಜಗತ್ತಿನ ಕಾರ್ಮಿಕರೆಲ್ಲ ತಮ್ಮ ದಿನವೆಂದು ಆಚರಿಸುವ ದಿನವನ್ನೇ ಅವರು ಆರಿಸಿಕೊಂಡದ್ದು ಬೇಕೆಂದೇ. ನಮ್ಮ ಧರ್ಮಕೇಂದ್ರಗಳಲ್ಲಿ ಈ ಹಬ್ಬ ಬರುವುದು ಮನೆಗಳಲ್ಲಿ ಲೆಕ್ಕ ಹಾಕುವ ಕಾಲದಲ್ಲಿ. ಮಕ್ಕಳಿಗೆ ಬೇಸಿಗೆ ರಜೆ ನಡೆಯುತ್ತಿರುತ್ತದೆ, ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರದ ಚೀಟಿ ಕೈಗೆ ಬಂದಿರುತ್ತದೆ, ಮೇ ತಿಂಗಳ ಮದುವೆಗಳು, ಪ್ರಥಮ ಪರಮಪ್ರಸಾದದ ಸಮಾರಂಭಗಳು ಸಾಲಾಗಿ ನಿಂತಿರುತ್ತವೆ. ಕಾರ್ಖಾನೆಯಲ್ಲಿ ಭಾನುವಾರ ಓಟಿ ಇದೆ, ಬರುವವರು ಹೆಸರು ಕೊಡಿ ಎಂದು ಸೂಪರ್‌ವೈಸರ್ ಕೇಳುವುದೂ ಆಗಲೇ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಒಂದು ಭಾನುವಾರ ದೇವಾಲಯದ ಬೆಂಚುಗಳು ಅರ್ಧಕ್ಕರ್ಧ ಖಾಲಿ ಇದ್ದವು. ನಮಗೆ ಸಿಟ್ಟು ಬಂತು. ಮೂರನೆಯ ಆಜ್ಞೆಯನ್ನು ಎತ್ತಿಕೊಂಡು ಇಪ್ಪತ್ತು ನಿಮಿಷ ಗದರಿಸಿದೆವು. ಬಲಿಪೂಜೆ ಮುಗಿದ ಮೇಲೆ ಒಬ್ಬ ಅಜ್ಜಿ ಮೊಮ್ಮಗನ ಕೈಹಿಡಿದು ಒಳಗೆ ಬಂದರು. "ಸ್ವಾಮಿ, ಬಂದವರನ್ನ ಬೈದ್ರಿ. ಬರದೇ ಇರೋರು ಲೈನಲ್ಲಿ ಕೂತು ಹೊಲೀತಾ ಇದಾರೆ, ಅವರಿಗೆ ಕೇಳಿಸಲಿಲ್ಲ. ನನ್ನ ಸೊಸೇನೂ ಅಲ್ಲೇ ಇದಾಳೆ. ಅವಳೇನು ಖುಷಿಯಿಂದ ಹೋಗಿದಾಳಾ?" ಎಂದರು. ಸೆಮಿನರಿಯಲ್ಲಿ ಓದಿದ ನೀತಿಶಾಸ್ತ್ರದಿಂದ ಒಂದು ಉತ್ತರವೂ ಆಗ ನೆನಪಿಗೆ ಬರಲಿಲ್ಲ. ಅಂದು ಸಂಜೆ ಅವರ ಮನೆಗೆ ಹೋದೆವು. ಅಲ್ಲಿ ನೋಡಿ ಕಲಿತದ್ದೇ ಈ ಪ್ರಬೋಧನೆಯ ಬಹುಪಾಲು. ಗುರುತು ಸಿಗಬಾರದೆಂದು ಕೆಲವು ವಿವರ, ಲೆಕ್ಕ ಸುಲಭವಾಗಲೆಂದು ಕೆಲವು ಅಂಕಿಗಳನ್ನು ಬದಲಿಸಿದ್ದೇವೆ.

ಧರ್ಮಸಭೆ ಏನು ಹೇಳುತ್ತದೆ ಎಂಬುದು ಮೊದಲು ಸ್ಪಷ್ಟವಾಗಲಿ. ಏಕೆಂದರೆ ಭಾನುವಾರ ಕೆಲಸಕ್ಕೆ ಹೋದವರೆಲ್ಲ ಚಾವು ದೋಷಕ್ಕೆ ಬಿದ್ದರೆಂದು ಹೆದರುವವರೂ ಇದ್ದಾರೆ, ಈಗಿನ ಕಾಲದಲ್ಲಿ ಅದೆಲ್ಲ ಯಾರು ನೋಡುತ್ತಾರೆ ಎನ್ನುವವರೂ ಇದ್ದಾರೆ. ಭಾನುವಾರ ಬಲಿಪೂಜೆಯಲ್ಲಿ ಭಾಗವಹಿಸಬೇಕು, ದೇವಾರಾಧನೆಗೂ ಆ ದಿನದ ಆನಂದಕ್ಕೂ ದೇಹ ಮನಸ್ಸುಗಳ ವಿಶ್ರಾಂತಿಗೂ ಅಡ್ಡಿಯಾಗುವ ಕೆಲಸಗಳಿಂದ ದೂರವಿರಬೇಕು ಎಂಬುದು ಧರ್ಮಸಭೆಯ ಕಾನೂನು ಸಂಹಿತೆಯ 1247ನೇ ವಿಧಿ. ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಪಾಲ್ಗೊಂಡರೂ ಭಾನುವಾರದ ಕರ್ತವ್ಯ ಪೂರೈಸಿದಂತೆಯೇ, ಅದು 1248ನೇ ವಿಧಿ. ಕುಟುಂಬದ ನಿಜವಾದ ಅಗತ್ಯ ಅಥವಾ ಸಮಾಜಕ್ಕೆ ಬೇಕಾದ ಮುಖ್ಯ ಸೇವೆ ಇದ್ದರೆ ವಿಶ್ರಾಂತಿಯ ನಿಯಮದಿಂದ ವಿನಾಯಿತಿ ಉಂಟೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಹೇಳುತ್ತದೆ. ಜೊತೆಗೇ ಆ ವಿನಾಯಿತಿ ಭಕ್ತಿಗೂ ಕುಟುಂಬಕ್ಕೂ ಆರೋಗ್ಯಕ್ಕೂ ಕೇಡು ತರುವ ರೂಢಿಯಾಗದಿರಲಿ ಎಂದು ಎಚ್ಚರಿಸುತ್ತದೆ. ನ್ಯಾಯವಾದ ಕಾರಣವಿದ್ದಾಗ ಆಯಾ ಧರ್ಮಕೇಂದ್ರದ ಗುರುವೇ ವಿನಾಯಿತಿ ಕೊಡಬಹುದು, ಅಥವಾ ಅದರ ಬದಲಿಗೆ ಬೇರೊಂದು ಭಕ್ತಿಕಾರ್ಯವನ್ನು ಸೂಚಿಸಬಹುದು, ಅದು 1245ನೇ ವಿಧಿ. ಬಂದು ಕೇಳುವವರು ಮಾತ್ರ ಕಡಿಮೆ. ದಾದಿಯರು, ಬಸ್ಸಿನ ಕಂಡಕ್ಟರುಗಳು, ಪೊಲೀಸರು, ಹಾಲು ಕರೆಯುವವರು ಇವರ ಬಗ್ಗೆ ಪ್ರಶ್ನೆಯೇ ಏಳುವುದಿಲ್ಲ. ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನ ಮೇಲೆತ್ತದವರು ಯಾರೆಂದು ಪ್ರಭು ಯೇಸುವೇ ಕೇಳಿದ್ದಾರೆ.

ಹಾಗಾದರೆ ಓಟಿಗೆ ಹೆಸರು ಕೊಡುವ ತಾಯಿಯ ಪ್ರಶ್ನೆ ಯಾವುದು? ಎತ್ತು ನಿಜವಾಗಿಯೂ ಬಾವಿಗೆ ಬಿದ್ದಿದೆಯೇ, ಅಥವಾ ಪ್ರತಿ ವಾರ ನಾವೇ ಅದನ್ನು ಬಾವಿಯ ದಂಡೆಗೆ ಹೊಡೆದುಕೊಂಡು ಹೋಗುತ್ತಿದ್ದೇವೆಯೇ? ಇದನ್ನು ಭಕ್ತಿಯಿಂದ ಮಾತ್ರ ತೀರ್ಮಾನಿಸಲಾಗದು. ಕಾಗದ, ಪೆನ್ನು ಬೇಕು.

ಆ ಮನೆಯಲ್ಲಿ ಮೊಮ್ಮಗನ ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ನಾವು ಲೆಕ್ಕ ಬರೆದೆವು. ಸೊಸೆಗೆ ತಿಂಗಳಿಗೆ 15,600 ರೂಪಾಯಿ ಸಂಬಳ, 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600. ಭಾನುವಾರ ದುಪ್ಪಟ್ಟು, ಅಂದರೆ 1,200. ನಾಲ್ಕು ಭಾನುವಾರಕ್ಕೆ 4,800. ಬರೆದು ನೋಡಿದಾಗ ಎಲ್ಲರ ಮುಖವೂ ಅರಳಿತು. ಬಳಿಕ ಖರ್ಚಿನ ಕಡೆಗೆ ಬಂದೆವು. ಭಾನುವಾರ ಕಾರ್ಖಾನೆಯ ಬಸ್ಸಿಲ್ಲ. ಶಕ್ತಿ ಯೋಜನೆಯ ಬಸ್ಸು ಹೆಂಗಸರಿಗೆ ಉಚಿತವೇನೋ ಹೌದು, ಆದರೆ ಆ ಊರಿನಿಂದ ಭಾನುವಾರ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಸ್ಸೇ ಇಲ್ಲ. ಹೋಗಿ ಬರಲು ಆಟೋಗೆ 120. ಅಜ್ಜಿಗೆ ಮಂಡಿನೋವು, ಮಧ್ಯಾಹ್ನ ಹೋಟೆಲಿನಿಂದ ಪಾರ್ಸೆಲ್, 330. ಅಲ್ಲಿಗೆ ಭಾನುವಾರಕ್ಕೆ 450 ಹೋಯಿತು, ನಾಲ್ಕು ವಾರಕ್ಕೆ 1,800. ಉಳಿದದ್ದು 3,000. "ತಿಂಗಳಲ್ಲಿ ಒಂದು ದಿನ ಮೈಕೈ ನೋವು ಅಂತ ರಜಾ ಹಾಕ್ತಾಳೆ, ಅದಕ್ಕೆ ಸಂಬಳ ಕಟ್ ಆಗುತ್ತೆ" ಎಂದು ಗಂಡ ನೆನಪಿಸಿದ. ಅದು 600. ಕಡೆಗೆ ನಿಂತದ್ದು 2,400. ದುಪ್ಪಟ್ಟು ಕೂಲಿ ಎಂದುಕೊಂಡು ಹೋದ ಭಾನುವಾರ ಮನೆಗೆ ತಂದದ್ದು ಬರೀ 600 ರೂಪಾಯಿ, ಒಂದು ಸೋಮವಾರದ ಸಂಬಳ. ಆ ಹೆಣ್ಣುಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆರುನೂರು ರೂಪಾಯಿ ಸಣ್ಣದಲ್ಲ. ಅದು ಯಾವುದಕ್ಕೆ ಹೋಗುತ್ತಿತ್ತು ಎಂಬುದು ಮುಂದಿನ ಪ್ರಶ್ನೆ. ಹಿಂದಿನ ವರ್ಷ ಹಿರಿಯ ಮಗಳ ಪ್ರಥಮ ಪರಮಪ್ರಸಾದಕ್ಕೆ 40,000 ಸಾಲ ಮಾಡಿದ್ದರು. ಶಾಮಿಯಾನ, ಬಿಳಿ ಗೌನು, ಬಿರಿಯಾನಿ, ಫೋಟೋ ಆಲ್ಬಮ್. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ 1,200. ವರ್ಷದಲ್ಲಿ 14,400 ಕಟ್ಟಿದ್ದರೂ ಅಸಲಿನಲ್ಲಿ ಒಂದು ರೂಪಾಯಿಯೂ ತೀರಿರಲಿಲ್ಲ. ತಿಂಗಳಲ್ಲಿ ಎರಡು ಭಾನುವಾರಗಳನ್ನು ಆ ತಾಯಿ ಬಡ್ಡಿಗಾಗಿಯೇ ಹೊಲಿಯುತ್ತಿದ್ದಳು. ಆ ಸಮಾರಂಭದ ಊಟಕ್ಕೆ ನಾವೂ ಹೋಗಿದ್ದೆವು. ಬಿರಿಯಾನಿ ಚೆನ್ನಾಗಿದೆ ಎಂದು ಹೊಗಳಿಯೂ ಬಂದಿದ್ದೆವು.

ಪವಿತ್ರ ಗ್ರಂಥದಲ್ಲಿ ದುಪ್ಪಟ್ಟಿನ ಮಾತು ಒಂದು ಕಡೆ ಬರುತ್ತದೆ. ಮರುಭೂಮಿಯಲ್ಲಿ ಇಸ್ರಯೇಲರಿಗೆ ಮನ್ನಾ ದೊರೆತಾಗ ಆರನೆಯ ದಿನ ಎರಡರಷ್ಟು ಸಿಕ್ಕಿತು, ಏಳನೆಯ ದಿನ ಹುಡುಕಲು ಹೋದವರಿಗೆ ಏನೂ ಸಿಗಲಿಲ್ಲ (ವಿಮೋಚನಾಕಾಂಡ 16). ದೇವರು ದುಪ್ಪಟ್ಟು ಕೊಟ್ಟದ್ದು ಏಳನೆಯ ದಿನ ಮನೆಯಲ್ಲಿರಲಿ ಎಂದು. ನಮ್ಮ ಕಾಲದಲ್ಲಿ ಏಳನೆಯ ದಿನ ಮನೆ ಬಿಟ್ಟು ಬರಲಿ ಎಂದು ದುಪ್ಪಟ್ಟು ಕೊಡುತ್ತಾರೆ. ಇದೇ ಜನ ಈಜಿಪ್ಟಿನಲ್ಲಿದ್ದಾಗ ಫರೋಹ ಇಟ್ಟಿಗೆಯ ಲೆಕ್ಕವನ್ನು ಕಡಿಮೆ ಮಾಡದೆ, ಹುಲ್ಲನ್ನೂ ನೀವೇ ಕೂಡಿಸಿಕೊಳ್ಳಿ ಎಂದದ್ದು ವಿಮೋಚನಾಕಾಂಡದ 5ನೇ ಅಧ್ಯಾಯದಲ್ಲಿದೆ. ಗಂಟೆಗೆ ಇಷ್ಟು ಪೀಸು ಎಂದು ಟಾರ್ಗೆಟ್ ಇಟ್ಟುಕೊಂಡು ಹೊಲಿಯುವ ನಮ್ಮ ಹೆಣ್ಣುಮಕ್ಕಳಿಗೆ ಈ ಅಧ್ಯಾಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಅದಕ್ಕೇ ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಸಬ್ಬತ್ ದಿನದ ಆಜ್ಞೆ ಕೊಡುವಾಗ, ನಿನ್ನ ದಾಸದಾಸಿಯರೂ ನಿನ್ನಂತೆಯೇ ವಿಶ್ರಮಿಸಿಕೊಳ್ಳಲಿ, ನೀನೂ ಒಮ್ಮೆ ದಾಸನಾಗಿದ್ದೆ ಎಂದು ದೇವರು ಕಾರಣವನ್ನೂ ಸೇರಿಸುತ್ತಾರೆ. ಭಾನುವಾರ ಬಲಿಪೂಜೆ ಮುಗಿಸಿ ಮಾಲ್‌ಗೆ ಹೋಗುವ, ಮನೆಕೆಲಸದವಳನ್ನು ಅಂದೂ ಬರಹೇಳುವ ನಮ್ಮಲ್ಲಿನ ಅನುಕೂಲಸ್ಥರು ಈ ಮಾತನ್ನು ಎರಡು ಸಲ ಓದಿಕೊಳ್ಳಬೇಕು.

ಸಂತ ಜೋಸೆಫರ ಮನೆಯ ಜಮಾಖರ್ಚನ್ನೂ ನೋಡೋಣ. ಅವರು ಬಡವರು. ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದಾಗ ಅವರು ಕೊಟ್ಟದ್ದು ಜೋಡಿ ಹಕ್ಕಿಗಳ ಕಾಣಿಕೆ. ಕುರಿಮರಿ ಕೊಡಲು ಶಕ್ತಿಯಿಲ್ಲದವರಿಗೆ ಯಾಜಕಕಾಂಡ ಗೊತ್ತುಮಾಡಿದ್ದ ಕಾಣಿಕೆ ಅದು. ಅಂಥವರು ಪ್ರತಿ ವರ್ಷ ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋಗುತ್ತಿದ್ದರೆಂದು ಸಂತ ಲೂಕರು ಬರೆದಿದ್ದಾರೆ. ನಜರೇತಿನಿಂದ ನೂರು ಕಿಲೋಮೀಟರಿಗೂ ಮೀರಿದ ದಾರಿ, ಹೋಗಲು ಕೆಲವು ದಿನ, ಬರಲು ಕೆಲವು ದಿನ, ನಡುವೆ ಹಬ್ಬದ ದಿನಗಳು. ದುಡಿದರೆ ಮಾತ್ರ ಊಟ ಎನ್ನುವ ಬಡಗಿಗೆ ಅಷ್ಟು ದಿನ ಅಂಗಡಿ ಮುಚ್ಚುವುದೆಂದರೆ ಏನೆಂದು ದಿನಗೂಲಿಯವರೇ ಬಲ್ಲರು. ಆ ಖರ್ಚನ್ನು ಅವರು ಹೇಗೆ ಹೊಂದಿಸಿದರೋ ಶುಭಸಂದೇಶ ಹೇಳುವುದಿಲ್ಲ. ವರ್ಷದ ಲೆಕ್ಕದಲ್ಲಿ ಅದನ್ನು ಮೊದಲೇ ಎತ್ತಿಟ್ಟಿರಬೇಕು ಎಂದು ನಮ್ಮ ಊಹೆ. ಉಳಿದರೆ ಹೋಗೋಣ ಎಂದುಕೊಂಡಿದ್ದರೆ ಯಾವ ವರ್ಷವೂ ಹೋಗಲಾಗುತ್ತಿರಲಿಲ್ಲ.

ಕಾನೂನಿನ ವಿಷಯವನ್ನೂ ಹೇಳಬೇಕು. ಕೆಲಸಗಾರನ ಕೂಲಿ ಮಿತವ್ಯಯದ ಸಂಸಾರವನ್ನು ನಡೆಸಲು ಸಾಕಾಗುವಂತಿರಬೇಕು, ದೇಹಕ್ಕೂ ಆತ್ಮಕ್ಕೂ ವಿಶ್ರಾಂತಿ ಎಂಬುದು ಎಲ್ಲ ಒಪ್ಪಂದಗಳಲ್ಲೂ ಅಡಗಿರುವ ಷರತ್ತು ಎಂದು ಜಗದ್ಗುರು ಹದಿಮೂರನೇ ಲಿಯೋ ಅವರು 1891ರಲ್ಲೇ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಬೋಧಿಸಿದರು. ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯ್ದೆ ವಾರದ ರಜೆಯನ್ನೂ ಓಟಿಗೆ ದುಪ್ಪಟ್ಟು ವೇತನವನ್ನೂ ಗೊತ್ತುಮಾಡಿತ್ತು. ಅದರ ಜಾಗದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಇವು ಉಳಿದಿವೆ. ವಾರಕ್ಕೆ ಆರು ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ವಿನಾಯಿತಿ ಪಡೆದು ರಜೆಯ ದಿನ ದುಡಿಸಿಕೊಂಡರೆ ಅದೇ ತಿಂಗಳಲ್ಲಿ ಅಥವಾ ಮುಂದಿನ ಎರಡು ತಿಂಗಳೊಳಗೆ ಬದಲಿ ರಜೆ ಕೊಡಬೇಕು, ಓಟಿಗೆ ಕೆಲಸಗಾರರ ಒಪ್ಪಿಗೆ ಬೇಕು. "ಬದಲಿ ರಜೆ ಕೊಟ್ಟರೇನಮ್ಮಾ?" ಎಂದು ಕೇಳಿದೆವು. ಹಾಗೊಂದು ಇದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಒಬ್ಬಳೇ ಹೋಗಿ ಕೇಳಿದರೆ ಮಾರನೆಯ ದಿನ ಕಷ್ಟದ ಮಷಿನ್ ಕೊಡುತ್ತಾರೆ ಎಂಬ ಹೆದರಿಕೆಯೂ ಸುಳ್ಳಲ್ಲ. ಆದ್ದರಿಂದ ನಾಲ್ಕಾರು ಜನ ಸೇರಿ ಕೇಳುವುದು ಒಳ್ಳೆಯದು.

ಇನ್ನು ಆ ಮನೆಯವರು ಮಾಡಿದ್ದನ್ನು ಹೇಳುತ್ತೇವೆ. ಬೀರುವಿನಲ್ಲಿದ್ದ ಸರವನ್ನು ಬ್ಯಾಂಕಿನಲ್ಲಿ ಅಡವಿಟ್ಟು ಕೈಸಾಲ ತೀರಿಸಿದರು. ಅಲ್ಲಿ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿಯ ಲೆಕ್ಕದಲ್ಲಿ 400. ಹಿಂದಿಗಿಂತ 800 ಉಳಿತಾಯ, ಒಂದು ಭಾನುವಾರದ ನಿಜ ಗಳಿಕೆಗಿಂತ ಹೆಚ್ಚು. ಸರ ಕೊರಳಲ್ಲಿಲ್ಲದಿದ್ದರೆ ಮದುವೆಮನೆಯಲ್ಲಿ ನಾಲ್ಕು ಜನ ಏನೆಂದಾರು ಎಂದು ಅತ್ತೆ ಒಂದು ವಾರ ಗೊಣಗಿದರು. ಅಡವಿಟ್ಟ ಒಡವೆಗೂ ಗಡುವು ಉಂಟು, ಮೀರಿದರೆ ಹರಾಜಿಗೆ ಹೋಗುತ್ತದೆ ಎಂಬ ಎಚ್ಚರವನ್ನೂ ನಾವು ಕೊಟ್ಟೆವು. ಶಾಲೆಯ ಶುಲ್ಕ ಕಟ್ಟುವವರೆಗೆ, ಅಂದರೆ ಜೂನ್ ಮುಗಿಯುವವರೆಗೆ, ತಿಂಗಳಿಗೆ ಎರಡು ಭಾನುವಾರ ಮಾತ್ರ ಓಟಿ, ಆ ದಿನ ಗಂಡ ಅಡುಗೆ ಮಾಡುವುದು, ಪಾರ್ಸೆಲ್ ಬೇಡ ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ಕೊನೆಯದು ಗಂಡನೇ ಹೇಳಿದ ಮಾತು. ಇದೇ ಗಂಡಂದಿರಿಗೆ ನಮ್ಮ ವಿಶೇಷ ವಿನಂತಿ. ಹೆಂಡತಿಯ ಭಾನುವಾರದ ಓಟಿ ನಿಮ್ಮ ಶನಿವಾರದ ಬಾಟಲಿಗೆ ಸರಿಹೋಗುತ್ತಿದ್ದರೆ, ನೋಟ್‌ಬುಕ್ಕಿನಲ್ಲಿ ಅದನ್ನೂ ಮರೆಯದೆ ಬರೆಯಿರಿ.

ಎಲ್ಲ ಮನೆಗೂ ಉತ್ತರ ಇಷ್ಟು ಸುಲಭವಿಲ್ಲ. ಗಂಡ ಬಿಟ್ಟುಹೋದ ತಾಯಿ, ಡಯಾಲಿಸಿಸ್ ಮಾಡಿಸಿಕೊಳ್ಳುವ ತಂದೆಯಿರುವ ಮಗ, ವಾರಾಂತ್ಯದಲ್ಲಿ ಮಾತ್ರ ಹೆಚ್ಚು ಇನ್ಸೆಂಟಿವ್ ಸಿಗುವ ಡೆಲಿವರಿ ಹುಡುಗರು, ಇವರಿಗೆ ಅಡವಿಡಲು ಸರವೂ ಇರುವುದಿಲ್ಲ. ಅವರ ಎತ್ತು ನಿಜವಾಗಿಯೂ ಬಾವಿಯಲ್ಲಿದೆ. ಅವರನ್ನು ಪೀಠದಿಂದ ಬೈಯುವುದನ್ನು ನಾವು ಬಿಟ್ಟಿದ್ದೇವೆ. ಅಂಥ ಮನೆಗಳ ಮಕ್ಕಳನ್ನು ಭಾನುವಾರ ಮಧ್ಯಾಹ್ನ ತಮ್ಮ ಮಕ್ಕಳ ಜೊತೆ ಊಟಕ್ಕೆ ಕೂರಿಸಿಕೊಳ್ಳಲು ಕಿರಿಯ ಕ್ರೈಸ್ತ ಸಮುದಾಯದ ಕೆಲವು ಮನೆಯವರು ಮುಂದೆ ಬಂದಿದ್ದಾರೆ.

ನಮ್ಮ ಪಾಲಿನದನ್ನೂ ಸ್ವಲ್ಪ ತಿದ್ದಿಕೊಂಡಿದ್ದೇವೆ. ಈ ವರ್ಷ ಪ್ರಥಮ ಪರಮಪ್ರಸಾದ ಸ್ವೀಕರಿಸುವ ಮಕ್ಕಳೆಲ್ಲರಿಗೂ ದೇವಾಲಯದ ಅಂಗಳದಲ್ಲೇ ಒಂದೇ ಪಂಕ್ತಿಯ ಊಟ, ಅನ್ನ, ಕೋಳಿಸಾರು, ಪಾಯಸ. ಖರ್ಚನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ, ಮನೆಮನೆಯ ಸಮಾರಂಭಗಳಿಗೆ ಗುರುಗಳು ಬರುವುದಿಲ್ಲ ಎಂದು ಮೊದಲೇ ಓದಿ ಹೇಳಿದೆವು. ಒಂದಿಬ್ಬರಿಗೆ ಬೇಸರವಾಗಿದೆ. ಶನಿವಾರದ ಸಂಜೆ ಬಲಿಪೂಜೆ ಮೊದಲು 5.30ಕ್ಕೆ ಇತ್ತು. ಕಾರ್ಖಾನೆ ಬಿಡುವುದು ಆರಕ್ಕೆ ಎಂಬುದು ಇಷ್ಟು ವರ್ಷ ನಮಗೆ ಹೊಳೆದಿರಲಿಲ್ಲ. ಈಗ ಅದು 7ಕ್ಕೆ. ಕಳೆದ ಶನಿವಾರ ಆ ಸೊಸೆ ಕೊರಳಲ್ಲಿ ಐಡಿ ಕಾರ್ಡನ್ನೂ ತೆಗೆಯದೆ ನೇರವಾಗಿ ಬಂದು ಕೊನೆಯ ಬೆಂಚಿನಲ್ಲಿ ಕುಳಿತಿದ್ದಳು. ಅತ್ತೆ ಮೊಮ್ಮಗನನ್ನು ಕರೆದುಕೊಂಡು ಮೊದಲೇ ಬಂದು ಜಾಗ ಹಿಡಿದಿದ್ದರು.