ಕಚೇರಿಯ ಕೈಮರ

ನೌಕರರೆಲ್ಲರೂ ಕೂಡಿ ಬಳಸುವ ಕಚೇರಿಯ ಜಾಲತಾಣವೊಂದರಲ್ಲಿ 64 ಪುಟಗಳಿವೆಯೆಂದು ಭಾವಿಸೋಣ. ರಜೆಯ ಅರ್ಜಿ, ವೇತನದ ವಿವರ, ಸಭೆಯ ವರದಿ ಮುಂತಾದುವೆಲ್ಲ ಅಲ್ಲಿವೆ. ಹೊಸದಾಗಿ ಸೇರಿದ ಗುಮಾಸ್ತನು ತನಗೆ ಬೇಕಾದುದನ್ನು ಕಂಡುಕೊಳ್ಳುವುದೆಂತು? ಅವನಿಗೆ ದಾರಿ ತೋರುವ ಆಯ್ಕೆಪಟ್ಟಿಯೇ ಮೆನು.

64 ಹೆಸರುಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ಕಣ್ಣು ದಣಿಯುತ್ತದೆ. ಎರಡೆರಡಾಗಿ ಕವಲೊಡೆಸಿದರೆ ಆರು ಮೆಟ್ಟಿಲುಗಳನ್ನಿಳಿಯಬೇಕು. ಒಂದೆಡೆ ತಪ್ಪಿದರೂ ಹಿಂದಿರುಗಬೇಕು. 1981ರಲ್ಲಿ ಮಿಲ್ಲರ್ ಎಂಬ ಸಂಶೋಧಕರು 64 ಪದಗಳನ್ನು ನಾಲ್ಕು ವಿಧವಾಗಿ ಜೋಡಿಸಿ ಜನರಿಂದ ಹುಡುಕಿಸಿದರು. ಎಂಟು ಗುಂಪುಗಳು, ಗುಂಪಿಗೆ ಎಂಟು ಪದಗಳು, ಎರಡೇ ಮೆಟ್ಟಿಲು: ಈ ಜೋಡಣೆಯಲ್ಲಿಯೇ ಹುಡುಕಾಟವು ಅತಿ ಶೀಘ್ರವಾಗಿ ಮುಗಿಯಿತು.

ಮೈಕ್ರೋಸಾಫ್ಟ್ ಸಂಸ್ಥೆಯು 2001ರಲ್ಲಿ ಹೊರತಂದ ಶೇರ್‌ಪಾಯಿಂಟ್‌ನಂತಹ ತಂತ್ರಾಂಶದಲ್ಲಿ ಕಚೇರಿಯವರೇ ತಮ್ಮ ಮೆನುವನ್ನು ರಚಿಸಿಕೊಳ್ಳಬಹುದು. ಪುಟದ ವಿಳಾಸವನ್ನೂ ಅದಕ್ಕೊಂದು ಹೆಸರನ್ನೂ ಕೊಟ್ಟು, ತಕ್ಕ ಗುಂಪಿನ ಅಡಿಯಲ್ಲಿ ಸೇರಿಸಿದರಾಯಿತು. ಕಠಿನವಾದುದು ಹೆಸರಿಡುವ ಕೆಲಸವೇ. ‘ಆಡಳಿತ ಶಾಖೆ 2’ ಎಂದರೆ ಹೊಸಬನಿಗೆ ಏನೂ ತಿಳಿಯದು. ‘ರಜೆ ಮತ್ತು ವೇತನ’ ಎಂದರೆ ಯಾರನ್ನೂ ಕೇಳಬೇಕಾಗಿಲ್ಲ. ಆದುದರಿಂದ ಮೆನುವು ಕಚೇರಿಯ ಶಾಖೆಗಳನ್ನಲ್ಲ, ಬಳಸುವವನ ಕೆಲಸವನ್ನು ಅನುಸರಿಸಬೇಕು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಮೆನುವಿನಿಂದ ಹೆಸರನ್ನು ಅಳಿಸಿದ ಮಾತ್ರಕ್ಕೆ ಆ ಪುಟಕ್ಕೆ ಬೀಗ ಬೀಳುವುದಿಲ್ಲ. ಬೇರೆ ತಡೆಯಿಲ್ಲದಿದ್ದರೆ ವಿಳಾಸವನ್ನು ಬಲ್ಲವನು ನೇರವಾಗಿ ಅಲ್ಲಿಗೆ ಹೋಗಬಲ್ಲನು. ಎಲ್ಲರ ವೇತನದ ಪಟ್ಟಿಯಂತಹ ಗುಟ್ಟನ್ನು ಕಾಯಬೇಕಾದುದು ಪ್ರವೇಶದ ಅನುಮತಿ. ಅದನ್ನು ಪ್ರತ್ಯೇಕವಾಗಿಯೇ ಗೊತ್ತುಪಡಿಸಬೇಕು. ಕೈಮರವು ದಾರಿ ತೋರುತ್ತದೆ, ಬಾಗಿಲು ಕಾಯುವುದಿಲ್ಲ.